ಮಗುವಿನ ತೂಕದ ಚಿಂತೆಯೇ? ನಮ್ಮ ಅಡುಗೆಮನೆಯಿಂದಲೇ ಶುರು ಮಾಡಿ

ಮೊದಲೇ ಹೇಳಿಬಿಡುತ್ತೇನೆ, ಮಗುವಿಗೆ ಡಯಟ್ ಮಾಡಿಸಬೇಡಿ. ಬೆಳೆಯುವ ಮಗುವನ್ನು ಹಸಿವಿನಲ್ಲಿ ಇಡುವುದು ತಪ್ಪು, ನೆಂಟರ ಮುಂದೆ ‘ಗುಂಡ’ ಅಂತ ಕರೆಯುವುದು ಇನ್ನೂ ದೊಡ್ಡ ತಪ್ಪು. ಬದಲಾಗಬೇಕಾದ್ದು ಮನೆಯವರೆಲ್ಲರ ತಟ್ಟೆ.

ಅದಕ್ಕೆ ಸುಮ್ನೆ ಓಟ್ಸ್ ಹುಡುಕಬೇಡಿ. ಮುದ್ದೆ, ಜೋಳದ ರೊಟ್ಟಿ, ಬಸ್ಸಾರು, ಕೋಸಂಬರಿ ಇದೆಯಲ್ವಾ? ಅನ್ನ ಸ್ವಲ್ಪ ಇಳಿಸಿ, ಪಲ್ಯ ಜಾಸ್ತಿ ಬಡಿಸಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಆದರೆ ರಾಗಿ ಮಾಲ್ಟ್‌ಗೆ ನಾಲ್ಕು ಚಮಚ ಸಕ್ಕರೆ ಸುರಿದರೆ ಏನು ಬಂತು? ಶಾಲೆಯಿಂದ ಹಸಿದು ಬರುವ ಹೊತ್ತೇ ನಿಜವಾಗಿ ಕಷ್ಟದ್ದು, ಆಗ ಬಿಸ್ಕತ್ತು, ಚಿಪ್ಸ್ ಕೈಗೆ ಸಿಗುವ ಬದಲು ಒಂದು ಹಿಡಿ ಬೇಯಿಸಿದ ಕಡಲೆಕಾಯಿ, ಕಾಳಿನ ಉಸಲಿ, ಸೀಬೆಹಣ್ಣು, ಇಲ್ಲವೇ ಈರುಳ್ಳಿ-ಸೌತೆಕಾಯಿ ಹಾಕಿ ಕಲಸಿದ ಮಂಡಕ್ಕಿ ಸಿದ್ಧವಾಗಿರಲಿ. ಕುಡಿಯಲು ಬಾಟಲಿ ಜ್ಯೂಸ್ ಬೇಡ, ಮಜ್ಜಿಗೆ ಕೊಡಿ.

‘ಇನ್ನೊಂದು ತುತ್ತು’ ಅಂತ ಅಜ್ಜಿ ಒತ್ತಾಯ ಮಾಡುವುದು ಪ್ರೀತಿಯಿಂದಲೇ. ಜಗಳ ಬೇಡ. ‘ಸಾಕು ಅಂದರೆ ಬಿಟ್ಟುಬಿಡೋಣಮ್ಮಾ’ ಅಂತ ಮೆಲ್ಲಗೆ ಹೇಳಿ. ಊಟದ ಹೊತ್ತಿಗೆ ಕಥೆ ಹೇಳುವ ಕೆಲಸ ಅವರಿಗೇ ಕೊಡಿ, ಮೊಬೈಲ್ ತಾನಾಗಿ ಪಕ್ಕಕ್ಕೆ ಹೋಗುತ್ತದೆ.

ಇನ್ನು ಆಟ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಓಡಾಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲಗೋರಿ, ಖೋಖೋ ಸಾಕು. ಬೀದಿಯಲ್ಲಿ ಜಾಗ ಇಲ್ವಾ? ಟೆರೇಸಿನಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆ ಮನೆ ಬರೆದು ನೀವೂ ಜೊತೆಗೆ ಕುಂಟಿ.

ತೂಕ ತುಂಬಾ ಅನ್ನಿಸಿದರೆ ಮಕ್ಕಳ ಡಾಕ್ಟರ ಹತ್ತಿರ ಎತ್ತರ, ತೂಕ ಎರಡನ್ನೂ ನೋಡಿಸಿ.