ಇಂಗ್ಲೆಂಡಿನ ಜಿಪಿ ಕೇಳದಿದ್ದರೂ ಮಲೆನಾಡಿನವರು ಹೇಳಬೇಕಾದದ್ದು

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಇಂಗ್ಲೆಂಡಿಗೆ ಬಂದವರಲ್ಲಿ ಹಲವರು ಜ್ವರ ಬಂದ ಮೇಲೆ ಜಿಪಿ, ಅಂದರೆ ಮೊದಲು ತೋರಿಸಬೇಕಾದ ಸ್ಥಳೀಯ ಡಾಕ್ಟರನ್ನು, ಹುಡುಕಲು ಹೊರಡುತ್ತಾರೆ. ಶಿವಮೊಗ್ಗದಲ್ಲಿ ಮಾಡುವಂತೆ ನೇರವಾಗಿ ಸ್ಪೆಷಲಿಸ್ಟ್ ಹತ್ತಿರ ಚೀಟಿ ಮಾಡಿಸಿ ಕೂರಲು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಆಗುವುದಿಲ್ಲ. ಮನೆ ಸಿಕ್ಕ ವಾರವೇ ಹತ್ತಿರದ ಜಿಪಿಯಲ್ಲಿ ಹೆಸರು ಬರೆಸಿ, ಅದಕ್ಕೆ ದುಡ್ಡಿಲ್ಲ. ಪಾಸ್‌ಪೋರ್ಟ್, ವಿಳಾಸದ ಪುರಾವೆ ಕೇಳಬಹುದು. ಅವು ಇಲ್ಲ ಎಂಬ ಒಂದೇ ಕಾರಣಕ್ಕೆ ವಾಪಸ್ ಕಳಿಸುವಂತಿಲ್ಲ. ಹೆಸರಿದ್ದರೆ ತಪಾಸಣೆಗೆ ಅವರೇ ಕರೆಯುತ್ತಾರೆ: ದೀರ್ಘಕಾಲದ ಕಾಯಿಲೆ ಇಲ್ಲದ 40ರಿಂದ 74ರವರಿಗೆ 5 ವರ್ಷಕ್ಕೊಮ್ಮೆ ಹೆಲ್ತ್ ಚೆಕ್, 25ರಿಂದ 64ರ ಹೆಂಗಸರಿಗೆ ಗರ್ಭಕಂಠದ ಪರೀಕ್ಷೆ. ಮನೆ ಬದಲಿಸಿ ತಿಳಿಸದಿದ್ದರೆ ಕಾಗದ ಹಳೇ ವಿಳಾಸಕ್ಕೇ ಹೋಗುತ್ತದೆ.

ಜಿಪಿಯಲ್ಲಿ ಹೆಸರು ಬರೆಸುವಾಗ ಕೊಡುವ ಫಾರ್ಮಿನಲ್ಲಿ ಸಿಗರೇಟಿನ ಪ್ರಶ್ನೆಗೆ 'ಇಲ್ಲ' ಎಂದು ಬರೆದು ಮುಗಿಸಬೇಡಿ. ಎಲೆಅಡಿಕೆ ಹಾಕುವವರು ಅದನ್ನೂ ಹೇಳಿ, ಹೊಗೆಸೊಪ್ಪು ಹಾಕದಿದ್ದರೂ. ತೋಟದವರಿಗೆ ಈ ಮಾತು ರುಚಿಸಲಿಕ್ಕಿಲ್ಲ, ಆದರೆ ಕೆನ್ನೆಯ ಒಳಚರ್ಮ ಬಿಗಿದು ಬಾಯಿ ತೆರೆಯದಂತಾಗಲು ಅಡಿಕೆಯೊಂದೇ ಸಾಕು. ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮೇಲಿನ-ಕೆಳಗಿನ ಮುಂಬಲ್ಲುಗಳ ನಡುವೆ ತೂರಿಸಿ ನೋಡಿ. ಹಿಡಿಸದಿದ್ದರೆ, ಅಥವಾ ಬಾಯಿಹುಣ್ಣು 3 ವಾರವಾದರೂ ಮಾಯದಿದ್ದರೆ, ಜಿಪಿಗೋ ಹಲ್ಲಿನ ಡಾಕ್ಟರಿಗೋ ತೋರಿಸಿ.

ಊರಿನ ಲ್ಯಾಬ್ ರಿಪೋರ್ಟಿನ ಸಕ್ಕರೆ ಅಂಕಿಯನ್ನು (mg/dL) 18ರಿಂದ ಭಾಗಿಸಿದರೆ ಇಲ್ಲಿನ ಅಂಕಿ (mmol/L) ಸಿಗುತ್ತದೆ. ಅಲ್ಲಿಯ 126 ಇಲ್ಲಿ 7. 'ಏಳೇ ತಾನೆ' ಎಂದು ಸುಮ್ಮನಾಗಬೇಡಿ, ಖಾಲಿ ಹೊಟ್ಟೆಯಲ್ಲಿ 7 ಬಂದರೆ ಅದು ಡಯಾಬಿಟಿಸ್‌ನ ಗೆರೆ.

ಇನ್ನು ಮಂಗನ ಕಾಯಿಲೆ, ಇಂಗ್ಲಿಷಿನಲ್ಲಿ ಕ್ಯಾಸನೂರ್ ಫಾರೆಸ್ಟ್ ಡಿಸೀಸ್. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಇದನ್ನು ಇಲ್ಲಿನ ಹೆಚ್ಚಿನ ಜಿಪಿಗಳು ಕಂಡೇ ಇರುವುದಿಲ್ಲ. ಡಿಸೆಂಬರ್‌ನಿಂದ ಮೇ ಒಳಗೆ ಊರಿಗೆ ಹೋಗಿ, ದರಗು ತರಲೆಂದೋ ದನ ಹುಡುಕಲೆಂದೋ ಕಾಡಂಚಿಗೆ ಕಾಲಿಟ್ಟು ಬಂದಿದ್ದೀರಿ ಎನ್ನಿ. ಉಣುಗು (ಟಿಕ್) ಕಚ್ಚಿ ಸಾಮಾನ್ಯವಾಗಿ 3ರಿಂದ 8 ದಿನಕ್ಕೆ ಜೋರು ಜ್ವರ, ತಲೆನೋವು, ಮೈಕೈ ನೋವು ಬರುತ್ತದೆ. 'ಇಂಡಿಯಾಕ್ಕೆ ಹೋಗಿದ್ದೆ' ಎಂದಷ್ಟೇ ಹೇಳಿದರೆ ಮಲೇರಿಯಾ, ಟೈಫಾಯ್ಡ್ ನೋಡುತ್ತಾರೆ. ಅವನ್ನು ನೋಡಲೇಬೇಕು, ಸರಿ. ಆದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿದಾಗಲೇ 'ಶಿವಮೊಗ್ಗ, ಟಿಕ್, ಕ್ಯಾಸನೂರ್ ಫಾರೆಸ್ಟ್ ಡಿಸೀಸ್' ಎಂದು ಬಿಡಿಸಿ ಹೇಳಿ, ಹೋಗಿ ಬಂದ ತಾರೀಖು ಕೊಡಿ. ಡಾಕ್ಟರು ನೋಡುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು. ಮೂಗಿನಿಂದಲೋ ವಸಡಿನಿಂದಲೋ ರಕ್ತ ನಿಲ್ಲದೆ ಬಂದರೆ, ಮಾತು ತೊದಲಿದರೆ 111 ಬಿಟ್ಟು ತುರ್ತು ನಂಬರ್ 999ಕ್ಕೆ ಮಾಡಿ.