ಸಿಮೆಂಟ್ ಕಚ್ಚಿದ ಮಿಂಟನ್ ಟೈಲ್ ಬಿಡಿಸಿದ ಕಥೆ

"ಸುಣ್ಣದ ಗಾರೆಯಲ್ಲಿ ಕೂರಿಸಿದ್ದಾದ್ರೆ ತಗೋ, ಸಿಮೆಂಟಿನದ್ದು ಮುಟ್ಲೇಬೇಡ." ಬರ್ಮಿಂಗ್‌ಹ್ಯಾಮಿನಲ್ಲಿ ಹಳೇ ಟೈಲ್ ಕೂಡಿಡುವವರೆಲ್ಲ ನನಗೆ ಹೇಳಿದ್ದು ಇದನ್ನೇ. ಗಾರೆ ಸುಲಭಕ್ಕೆ ಬಿಡುತ್ತೆ, ಸಿಮೆಂಟ್ ಬಿಡಲ್ಲ. ಹೋದ ವಾರ ನನ್ನ 16ನೇ ಟೈಲ್ ಗೋಡೆ ಏರಿತು. ಹದಿನಾರೂ ಸಿಮೆಂಟಿನಿಂದ ಬಿಡಿಸಿದ್ದೇ.

ಈ ಹುಚ್ಚು ಹತ್ತಿದ್ದು ಲಿವರ್‌ಪೂಲಿನ ಸೇಂಟ್ ಜಾರ್ಜ್ ಹಾಲಿನಲ್ಲಿ. ಅಲ್ಲಿನ ನೆಲಕ್ಕೆ 19ನೇ ಶತಮಾನದ ಇಂಗ್ಲಿಷ್ ಕಂಪನಿ ಮಿಂಟನ್‌ನ ಟೈಲ್, ಸುಮಾರು 30,000. ವರ್ಷದಲ್ಲಿ ಬಹುಪಾಲು ಮುಚ್ಚಿಯೇ ಇಟ್ಟಿರುತ್ತಾರೆ. ನಾನು ಹೋದಾಗ ಅದೃಷ್ಟಕ್ಕೆ ತೆರೆದಿತ್ತು.

ಆಮೇಲೆ ಒಂದು ಹಳೇ ಸಾಮಾನಿನ ಯಾರ್ಡಿನಲ್ಲಿ, ಕೆಡವಿದ ಚಾಪೆಲ್‌ನ 28 ಟೈಲ್ ಸಿಕ್ಕವು. ಆರಿಂಚಿನ ಎನ್‌ಕಾಸ್ಟಿಕ್, ಅಂದರೆ ಬೇರೆ ಬೇರೆ ಬಣ್ಣದ ಮಣ್ಣನ್ನೇ ಕೂರಿಸಿ ಚಿತ್ತಾರ ಮೂಡಿಸಿದ್ದು, ಒಂದಿಂಚು ದಪ್ಪ. ಬೆನ್ನಿಗೆ ಎರಡಿಂಚು ಸಿಮೆಂಟ್. ಒಟ್ಟು 90 ಪೌಂಡಿಗೆ ಕೊಟ್ಟ. ಗಾರೆಯದ್ದಾಗಿದ್ದರೆ ಒಂದಕ್ಕೇ 25 ಕೇಳುತ್ತಿದ್ದ.

ಮೊದಲ ಐದು ಚಾಣ, ಸುತ್ತಿಗೆಗೇ ಹೋದವು. ಈ ಹಳೇ ಟೈಲ್ ಒಂದೇ ಮಣ್ಣಿನದಲ್ಲ ಅಲ್ವಾ? ಮೇಲೆ ಕೆಳಗೆ ನಯ ಮಣ್ಣು, ನಡುವೆ ಒರಟು. ಬೆನ್ನಿಗೆ ನೇರ ಏಟು ಬಿದ್ದರೆ ಒಬ್ಬಟ್ಟಿನ ಕಣಕ ಹೂರಣ ಬಿಟ್ಟು ಎದ್ದ ಹಾಗೆ ಮುಖವೇ ಕಳಚಿಕೊಳ್ಳುತ್ತದೆ. ಮುಂದಿನ ಮೂರನ್ನು ಆ್ಯಸಿಡ್ ಬಕೆಟ್ಟಿಗೆ ಹಾಕಿದೆ. ಸಿಮೆಂಟ್ ಮೆತ್ತಗಾಯಿತು, ನಿಜ. ಆದರೆ ಟೈಲೂ ಆ್ಯಸಿಡ್ ಕುಡಿದಿತ್ತು. ಕೆನೆ ಬಣ್ಣದ ಮೇಲೆ ಹಳದಿ ಕಲೆ ಎದ್ದಿತು. ಎರಡು ತಿಂಗಳು ಬಿಳಿ ಉಪ್ಪು ಉಕ್ಕುತ್ತಲೇ ಇತ್ತು.

ಹಿತ್ತಾಳೆ ದೀಪ ಬೆಳಗುತ್ತಿದ್ದ ಹೆಂಡತಿಯನ್ನು ನೋಡಿ ಹುಣಸೆಹಣ್ಣನ್ನೂ ಹಚ್ಚಿ ನೋಡಿದೆ. ಒಡೆದ ಚೂರಿನ ಮೇಲೆ, ಸುಮ್ನೆ. ಸಿಮೆಂಟ್ ಕ್ಯಾರೇ ಅನ್ನಲಿಲ್ಲ. ಕೆನೆ ಬಣ್ಣ ಮಾತ್ರ ಸಾರಿನ ಬಣ್ಣಕ್ಕೆ ತಿರುಗಿತು.

ಕೊನೆಗೆ ಗೆದ್ದಿದ್ದು ಹೀಗೆ. ನಾಲ್ಕು ದಿನ ನೀರಲ್ಲಿ ನೆನೆಹಾಕಿದೆ. ಒದ್ದೆ ಮರಳಿನ ಚೀಲದ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿದೆ. ಡೈಮಂಡ್ ಬ್ಲೇಡಿನಲ್ಲಿ ನೀರು ಬಿಡುತ್ತಾ ಸಿಮೆಂಟಿಗೆ ಅರ್ಧರ್ಧ ಇಂಚಿನ ಚೌಕ ಚೌಕವಾಗಿ ಗೀರು ಹಾಕಿದೆ. ಕೆಸರಿನ ಮೇಲೇ ಕಣ್ಣಿರಲಿ. ಬೂದು ಬಣ್ಣ ಹೋಗಿ ಕೆಂಪು ಕಂಡಿತೋ, ಟೈಲ್ ಮುಟ್ಟಿದಿರಿ ಅಂತ ಅರ್ಥ. ಅದಕ್ಕೆ ಮೂರು ಮಿಲಿಮೀಟರ್ ಮೊದಲೇ ನಿಲ್ಲಿಸಬೇಕು. ಆಮೇಲೆ ಚಾಣವನ್ನು ಅಡ್ಡಕ್ಕೆ ಹಿಡಿದು ಮೆಲ್ಲಗೆ ತಟ್ಟಿದರೆ ಚೌಕಗಳು ಕೊಬ್ಬರಿ ಮಿಠಾಯಿ ಥರ ಏಳುತ್ತವೆ. ಉಳಿದ ತೆಳು ಪೊರೆ ಹೇಗೆ ತೆಗೆದೆ ಅಂತ ಇಲ್ಲಿ ಬರೆಯಲ್ಲ. ಮನೆಗೆ ಬಂದರೆ ತೋರಿಸುತ್ತೇನೆ.

ಟೈಲ್ ಹೀರಿಕೊಂಡ ಉಪ್ಪು ಇಳಿಸಲು ಹತ್ತು ದಿನ ಬರೀ ನಲ್ಲಿ ನೀರು, ದಿನಾ ಬದಲಿಸಿ. ನಮ್ಮೂರಿಗೆ ವೇಲ್ಸಿನ ಎಲಾನ್ ಕಣಿವೆಯಿಂದ ಬರುವ ಮೆದು ನೀರು, ಹಾಗಾಗಿ ನಡೆಯಿತು. ಲಂಡನ್ನಿನ ಗಡಸು ನೀರಿನವರು ಡಿಸ್ಟಿಲ್ಡ್ ವಾಟರ್ ಕೊಳ್ಳುವುದು ಒಳ್ಳೆಯದು.

ಗೋಡೆಯದ್ದು ಇನ್ನೊಂದು ರಾಮಾಯಣ. ಒಂದು ಟೈಲ್ ಸುಮಾರು 1.2 ಕೆಜಿ. ಒಂಬತ್ತನ್ನು ಫ್ರೇಮ್ ಮಾಡಿ ಪ್ಲಾಸ್ಟರ್‌ಬೋರ್ಡಿಗೆ (ಜಿಪ್ಸಂ ಹಾಳೆಯ ಟೊಳ್ಳು ಗೋಡೆಗೆ) ನೇತುಹಾಕಿದೆ. ರಾತ್ರಿ ಎರಡಕ್ಕೆ ಧಡಾರ್! ಎರಡರ ಮೂಲೆ ಹಾರಿದವು. ಈಗ ಇಟ್ಟಿಗೆ ಗೋಡೆಗೇ ಸ್ಕ್ರೂ, 45 ಡಿಗ್ರಿ ಓರೆಯಾಗಿ ಸೀಳಿ ಒಂದಕ್ಕೊಂದು ಕೊಕ್ಕೆಯಂತೆ ಕೂರುವ ಮರದ ಪಟ್ಟಿ, ಕೆಳಗೆ ಅಲ್ಯೂಮಿನಿಯಂ ಆಂಗಲ್, ಸುತ್ತ ಹಿತ್ತಾಳೆ ಕ್ಲಿಪ್. ಒಂದು ಹನಿ ಅಂಟೂ ಇಲ್ಲ. ಬೆನ್ನಿನ "ಮಿಂಟನ್ ಅಂಡ್ ಕೋ, ಸ್ಟೋಕ್ ಅಪಾನ್ ಟ್ರೆಂಟ್" ಮುದ್ರೆ ಕಾಣಲು ಇಷ್ಟು ಪಾಡುಪಟ್ಟು, ಮತ್ತೆ ಅಂಟು ಬಳಿಯಲೇ?

ಬ್ಲೇಡ್, ಆ್ಯಸಿಡ್, ಫ್ರೇಮ್ ಎಲ್ಲ ಸೇರಿ 240 ಪೌಂಡ್ ಆಗಿರಬಹುದು. ಟೈಲಿಗೆ 15 ಬಿತ್ತು. ನನ್ನ ಶನಿವಾರಗಳ ಲೆಕ್ಕ ಹೆಂಡತಿಯ ಹತ್ತಿರ ಇದೆ. ಉಳಿದ ನಾಲ್ಕು ಗ್ಯಾರೇಜಿನ ಬಕೆಟ್ಟಿನಲ್ಲಿ ನೆನೆಯುತ್ತಿವೆ.