ರಾಮರಕ್ಷೆ ದಿನಾ ಹೇಳಬೇಕು ಅಂದುಕೊಂಡವರಿಗೆ

ರಾಮರಕ್ಷಾ ಸ್ತೋತ್ರದ ಪುಸ್ತಕ ತಂದು, 38 ಶ್ಲೋಕ ನೋಡಿ ಗಾಬರಿಯಾಗಿ, ದೇವರ ಮನೆಯಲ್ಲಿ ಹಾಗೇ ಇಟ್ಟುಬಿಟ್ಟವರು ಬಹಳ ಜನ. ಮೊದಲ ದಿನವೇ ಪೂರ್ತಿ ಹೇಳಬೇಕಾಗಿಲ್ಲ. ‘ಶಿರೋ ಮೇ ರಾಘವಃ ಪಾತು’ ಅಂತ ಬರುತ್ತದಲ್ಲ, ಅಲ್ಲಿಂದ ಆರು ಶ್ಲೋಕ ಕವಚದ ಭಾಗ, ಅಂದರೆ ಒಂದೊಂದು ಅಂಗವನ್ನೂ ಕಾಪಾಡು ಅಂತ ರಾಮನನ್ನು ಕೇಳುವ ಭಾಗ. ಅದನ್ನೇ ಮೊದಲು ಕಲಿಯಿರಿ. ನನ್ನ ಪ್ರಕಾರ ಸ್ತೋತ್ರದ ಜೀವ ಇರುವುದೇ ಅಲ್ಲಿ.

ಸುಮ್ನೆ ಉರು ಹೊಡೆಯಲು ಹೋಗಬೇಡಿ. ಈ ಆರು ಶ್ಲೋಕ ತಲೆಯಿಂದ ಪಾದದವರೆಗೆ ಒಂದೊಂದೇ ಅಂಗ ಹಿಡಿದು ಇಳಿಯುತ್ತವೆ, ಜೊತೆಗೆ ರಾಮಾಯಣದ ಕಥೆಯೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಸಾಗುತ್ತದೆ. ಹಣೆಯನ್ನು ಕಾಯುವವನು ದಶರಥನ ಮಗ, ಕಣ್ಣಿಗೆ ಕೌಸಲ್ಯೆಯ ಮಗ, ಕಿವಿಗೆ ವಿಶ್ವಾಮಿತ್ರರಿಗೆ ಪ್ರಿಯನಾದವನು, ಮೂಗಿಗೆ ಯಜ್ಞ ಕಾಪಾಡಿದವನು. ತೋಳಿಗೆ ಶಿವಧನುಸ್ಸು ಮುರಿದವನು, ಕೈಗೆ ಸೀತಾಪತಿ. ಬಿಲ್ಲು ಮುರಿದ ಮೇಲೇ ತಾನೇ ಕೈಹಿಡಿದಿದ್ದು! ಎದೆಗೆ ಪರಶುರಾಮರನ್ನು ಗೆದ್ದವನು, ನಡುವಿಗೆ ಖರನನ್ನು ಕೊಂದವನು, ಸೊಂಟಕ್ಕೆ ಸುಗ್ರೀವನ ಒಡೆಯ, ಮೊಣಕಾಲಿಗೆ ಸೇತುವೆ ಕಟ್ಟಿದವನು, ಪಾದಕ್ಕೆ ವಿಭೀಷಣನಿಗೆ ಸಿರಿ ಕೊಟ್ಟವನು. ಹೇಳುವಾಗ ಆಯಾ ಅಂಗದ ಮೇಲೆ ಮನಸ್ಸಿಡಿ. ಕಥೆ ಗೊತ್ತಿದ್ದವರಿಗೆ ಮುಂದಿನ ಹೆಸರು ತಾನಾಗಿಯೇ ಬಾಯಿಗೆ ಬರುತ್ತದೆ, ಮಕ್ಕಳಿಗಂತೂ ಹೀಗೆ ಹೇಳಿಕೊಟ್ಟರೆ ಬೇಗ ಹಿಡಿಸುತ್ತದೆ.

ಇವು ಅನುಷ್ಟುಪ್ ಛಂದಸ್ಸಿನಲ್ಲಿವೆ, ಒಂದೊಂದು ಪಾದಕ್ಕೆ, ಅಂದರೆ ಶ್ಲೋಕದ ಕಾಲುಭಾಗಕ್ಕೆ, 8 ಅಕ್ಷರ. ಅಷ್ಟಕ್ಕೆ ಒಂದು ಸಣ್ಣ ನಿಲುಗಡೆ ಕೊಟ್ಟರೆ ಉಸಿರು ಕಟ್ಟುವುದಿಲ್ಲ. ಮಹಾಪ್ರಾಣ ನುಂಗಬೇಡಿ. ಹಣೆಗೆ ‘ಭಾಲಂ’, ‘ಬಾಲಂ’ ಅಲ್ಲ. ಅನುಮಾನ ಬಂದರೆ ಗೊತ್ತಿರುವವರ ಮುಂದೆ ಒಮ್ಮೆ ಹೇಳಿ ತಿದ್ದಿಸಿಕೊಳ್ಳಿ, ಮನೆಯಲ್ಲಿ ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ಕನ್ನಡ ಲಿಪಿಯ ಪುಸ್ತಕ ಬೇಕಿದ್ದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳಲ್ಲಿ ಕೇಳಿ. ಅಕ್ಷರ ದೊಡ್ಡದಿರಲಿ.

ಯಾವಾಗ ಹೇಳಬೇಕು? ಶಿವ ಕನಸಿನಲ್ಲಿ ಹೇಳಿದ್ದನ್ನು ಬೆಳಿಗ್ಗೆ ಎದ್ದು ಹಾಗೆಯೇ ಬರೆದೆ ಅಂತ ಇದನ್ನು ರಚಿಸಿದ ಬುಧಕೌಶಿಕ ಋಷಿ ಸ್ತೋತ್ರದೊಳಗೇ ಹೇಳುತ್ತಾರೆ, ಹಾಗಾಗಿ ಸ್ನಾನ ಮಾಡಿ ಬೆಳಿಗ್ಗೆ ಹೇಳುವುದು ನನಗೆ ಇಷ್ಟ. ಆದರೆ ಆರೂವರೆಗೇ ಆಫೀಸ್ ಕ್ಯಾಬ್ ಬರುವ ಮನೆಯಲ್ಲಿ ಅದು ಕಷ್ಟ, ಅಲ್ವಾ? ಸಂಜೆ ದೀಪ ಹಚ್ಚಿದ ಮೇಲೆ ಹೇಳಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಸ್ಸಿನಲ್ಲೇ ಕೂತಿದ್ದರೆ ಮನಸ್ಸಿನಲ್ಲೇ ಹೇಳಿಕೊಳ್ಳಿ, ಗಾಡಿ ಓಡಿಸುವಾಗ ಮಾತ್ರ ಪುಸ್ತಕವೂ ಬೇಡ, ಮೊಬೈಲೂ ಬೇಡ. ಒಂದು ದಿನ ತಪ್ಪಿದರೆ ಕೇಡಾಗುತ್ತದೆ ಅಂತ ಹೆದರಿಸುವವರ ಮಾತು ಕೇಳಬೇಡಿ. ಕಾಪಾಡು ಅಂತ ಕೇಳುವ ಸ್ತೋತ್ರಕ್ಕೇ ಹೆದರುವುದು ಎಂಥ ಭಕ್ತಿ? ಮರುದಿನ ಮುಂದುವರಿಸಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮಾತ್ರೆ ಕೊಡಿ, ಪಕ್ಕದಲ್ಲಿ ಕೂತು ಕವಚವನ್ನೂ ಹೇಳಿ.

ಕವಚ ಬಾಯಿಗೆ ಬಂದ ಮೇಲೆ ರಾಮನ ರೂಪವನ್ನು ನೆನೆಯುವ ಧ್ಯಾನಶ್ಲೋಕ ಸೇರಿಸಿ, ಆಮೇಲೆ ಕೊನೆಯ ‘ರಾಮ ರಾಮೇತಿ ರಾಮೇತಿ’. ‘ರಾಮೋ ರಾಜಮಣಿಃ’ ಶ್ಲೋಕವನ್ನು ನಿಧಾನವಾಗಿ ಕಲಿಯಿರಿ. ಛಂದಸ್ಸು ಬೇರೆ, ಸಾಲು ಉದ್ದ, ರಾಮ ಶಬ್ದದ ಎಂಟೂ ವಿಭಕ್ತಿ ಅದರಲ್ಲೇ ಬರುತ್ತವೆ. ಪೂರ್ತಿ ಸ್ತೋತ್ರವನ್ನು ಯುಗಾದಿಯಿಂದ ರಾಮನವಮಿವರೆಗಿನ ದಿನಗಳಲ್ಲಿ ಶುರು ಮಾಡಿದರೆ ತುಂಬಾ ಒಳ್ಳೆಯದು. ಆಗ ಮನೆಮಂದಿ ಎಲ್ಲ ಜೊತೆಗೆ ಕೂರುತ್ತಾರೆ, ಕೊನೆಯ ದಿನ ಪಾನಕ, ಕೋಸಂಬರಿ ನೈವೇದ್ಯಕ್ಕೆ ಮುಂಚೆ ಎಲ್ಲರೂ ಒಟ್ಟಿಗೇ ಹೇಳಬಹುದು.